ಮಂಗಳೂರಿನಲ್ಲಿ ಮಕ್ಕಳ ರಜಾದಿನ

ಮಂಗಳೂರಿನಲ್ಲಿ ಮಕ್ಕಳೊಂದಿಗೆ ದಿನ ಕಳೆಯುವ ಕುಟುಂಬ ಮೊದಲು ನೋಡಬೇಕಾದದ್ದು ಬಿಸಿಲು ಮತ್ತು ಮಳೆಯನ್ನು. ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಹೊರಗಿನ ಆಟ ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರವೇ ಹಿತ. ಎಳನೀರು, ಟೋಪಿ, ಹತ್ತಿಬಟ್ಟೆ ಜೊತೆಗಿರಬೇಕು.

ಒಂದೇ ದಿನ ಇರುವವರಿಗೆ ಪಿಲಿಕುಳವೇ ಸರಿಯಾದ ಆಯ್ಕೆ. ವಾಮಂಜೂರಿನ ಬಳಿಯ ಈ ನಿಸರ್ಗಧಾಮದಲ್ಲಿ ಮೃಗಾಲಯ, ಕೆರೆ, ವಿಜ್ಞಾನ ಕೇಂದ್ರ, ಸ್ವಾಮಿ ವಿವೇಕಾನಂದ ತಾರಾಲಯ ಎಲ್ಲವೂ ಇವೆ. ಮಕ್ಕಳು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಕುಶಲಕರ್ಮಿಗಳ ಗ್ರಾಮದಲ್ಲಿ: ಮಡಕೆ ಹೇಗೆ ರೂಪ ತಾಳುತ್ತದೆ, ಮಗ್ಗದಲ್ಲಿ ಬಟ್ಟೆ ಹೇಗೆ ಹುಟ್ಟುತ್ತದೆ ಎಂಬುದು ಪುಸ್ತಕದಿಂದ ಇಷ್ಟು ಚೆನ್ನಾಗಿ ತಿಳಿಯದು. ಎಲ್ಲವನ್ನೂ ಒಂದೇ ಓಟದಲ್ಲಿ ಮುಗಿಸುವ ಆತುರ ಬೇಡ. ಚಿಕ್ಕ ಮಕ್ಕಳಿಗೆ ಎರಡು ತಾಣ ಸಾಕು.

ಸಂಜೆಗೆ ತಣ್ಣೀರುಬಾವಿ ಕಡಲತೀರ ಒಳ್ಳೆಯದು. ಸುಲ್ತಾನ್ ಬತ್ತೇರಿಯ ಹಳೆಯ ಕಾವಲು ಬುರುಜನ್ನು ನೋಡಿ, ದೋಣಿ ಓಡುವ ದಿನಗಳಲ್ಲಿ ಫಲ್ಗುಣಿ ನದಿಯನ್ನು ದಾಟಿ ಅಲ್ಲಿಗೆ ಹೋಗಬಹುದು. ಮಕ್ಕಳಿಗೆ ಆ ಸಣ್ಣ ಪಯಣವೇ ಹಬ್ಬ. ಪಣಂಬೂರು ಹೆಚ್ಚು ಗಲಾಟೆಯ, ಹೆಚ್ಚು ತಿಂಡಿ ಅಂಗಡಿಗಳ ತೀರ.

ಮಳೆ ಹಿಡಿದಾಗ ಸಂತ ಅಲೋಶಿಯಸ್ ಚಾಪೆಲ್ ಇದೆ. ಇಟಲಿಯ ಆಂಟೋನಿಯೊ ಮೊಸ್ಕೆನಿ ಅದರ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದ್ದಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಉಗ್ರವಾಗಿರುತ್ತದೆ. ಆಗ ಮಕ್ಕಳನ್ನು ಮೊಣಕಾಲುದ್ದದ ನೀರಿಗೂ ಇಳಿಸಬಾರದು. ಉಳಿದ ತಿಂಗಳುಗಳಲ್ಲೂ ಜೀವರಕ್ಷಕರ ಮಾತು ಮೀರದೆ, ಹಿರಿಯರೊಬ್ಬರು ಮಗುವಿನ ಕೈ ಹಿಡಿದೇ ಇರಬೇಕು.