ಊಟಿಗೆ ಮೂರು ತಲೆಮಾರು

ಮಾವನವರ ಮಂಡಿನೋವು, ನಾದಿನಿಯ ಮಕ್ಕಳ ಹಟ, ಅತ್ತೆಯ ಮಡಿ ಅಡುಗೆ, ಎಲ್ಲವನ್ನೂ ಬರೆದಿದ್ದೀರಿ. ನಿಮಗೇನು ಬೇಕು ಎನ್ನುವುದೊಂದನ್ನು ಬಿಟ್ಟು!

ಮೊದಲು ಅಡುಗೆಯ ಮಾತು. ಅಡುಗೆಮನೆ ಇರುವ ಕಾಟೇಜ್ ಹಿಡಿದರೆ ಮೈಸೂರಿನ ಒಲೆ ಊಟಿಗೆ ಬಂದಂತೆ, ಅದರ ಮುಂದೆ ನಿಲ್ಲುವವರೂ ನೀವೇ. ಹಾಗಾಗಿ ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ, ನೆಲಮಹಡಿಯಲ್ಲೇ ಕೋಣೆ ಕೇಳಿ. ಅತ್ತೆಯವರಿಗೆ ಅವಲಕ್ಕಿ, ಮೊಸರು, ಹಣ್ಣು ಬೇರೆ ಇಟ್ಟುಕೊಳ್ಳಿ. ಈ ಮಾತನ್ನು ನಿಮ್ಮ ಯಜಮಾನರೇ ಅವರಿಗೆ ಹೇಳಲಿ. ಖರ್ಚಿನ ಪಾಲೂ ಹೊರಡುವ ಮೊದಲೇ ತೀರ್ಮಾನವಾಗಲಿ. ಹೋಟೆಲ್ ಬಿಲ್ಲಿನ ಮುಂದೆ ಆ ಚರ್ಚೆ ಬೇಡ.

ದಾರಿ ಗೂಡಲೂರಿನದ್ದೇ ಇರಲಿ. 36 ಹೇರ್‌ಪಿನ್ ತಿರುವುಗಳ ಕಲ್ಲಟ್ಟಿ ಘಾಟಿ ಹತ್ತಿರ ನಿಜ, ಆದರೆ ವಾಂತಿ ಮಾಡುವ ಮಕ್ಕಳಿರುವ ಕಾರಿಗಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿಗೆ ಹೋಗುವ ವಾಹನಗಳಿಗೆ 2024ರಿಂದ ಇ-ಪಾಸ್ ಪದ್ಧತಿ ಬಂದಿದೆ, ಮೊದಲೇ ಮಾಡಿಸಿಕೊಳ್ಳಿ.

ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮಾವನವರಿಗೆ ಉಬ್ಬಸವೂ ಇದೆ ಎಂದಿದ್ದೀರಲ್ಲ, ವೈದ್ಯರನ್ನು ಕೇಳದೆ ಹೊರಡಬೇಡಿ.

ಕೆರೆಯ ಬಳಿ ಹನ್ನೊಂದೂ ಜನ ಒಂದೇ ದೋಣಿಗೆ ಹತ್ತಬೇಕಿಲ್ಲ. ಮಕ್ಕಳು ಅಪ್ಪಂದಿರ ಜೊತೆ ಪೆಡಲ್ ದೋಣಿ ತುಳಿಯಲಿ, ಹಿರಿಯರು ದಡದಲ್ಲಿ ಕೂತು ಚಹಾ ಕುಡಿಯಲಿ. ಸಸ್ಯೋದ್ಯಾನ ಇಳಿಜಾರಿನಲ್ಲಿದೆ, ಮಾವನವರಿಗೆ ಅದಕ್ಕಿಂತ ಕೂನೂರಿನವರೆಗಿನ ಪುಟ್ಟ ರೈಲು ವಾಸಿ. ಟಿಕೆಟ್ ಮುಂಗಡ ಕಾದಿರಿಸಿ. ಆ ಹೊತ್ತಿನಲ್ಲಿ ನೀವು ಕೋಣೆಯಲ್ಲೇ ಉಳಿದು ನಿದ್ದೆ ಹೊಡೆದರೂ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.