ಹೌಸ್‌ಫುಲ್ ಆದ ರಾತ್ರಿ 7,600 ರೂಪಾಯಿ ನಷ್ಟ

ಮೊದಲ ಪ್ರದರ್ಶನ ಮುಗಿದ ರಾತ್ರಿ ಗ್ರೀನ್ ರೂಮಿನಲ್ಲಿ ಬಣ್ಣ ಒರೆಸಿಕೊಳ್ಳಲೂ ಯಾರಿಗೂ ಪುರಸೊತ್ತಿರಲಿಲ್ಲ. ಒಬ್ಬರನ್ನೊಬ್ಬರು ತಬ್ಬಿಕೊಂಡು ನಗುತ್ತಿದ್ದರು, ಒಂದಿಬ್ಬರು ಅಳುತ್ತಿದ್ದರು. ತೊಂಬತ್ತು ಕುರ್ಚಿಗಳೂ ತುಂಬಿದ್ದವು. ಟಿಕೆಟ್ ಸಿಗದೆ ಬಾಗಿಲಿಂದ ವಾಪಸ್ ಹೋದವರೂ ಇದ್ದರು. ನಾನು ವೇಷಭೂಷಣದ ಟ್ರಂಕಿನ ಮೇಲೆ ಕೂತು ಲೆಕ್ಕದ ಪುಸ್ತಕ ಬಿಡಿಸಿದೆ. ಹತ್ತು ಸೀಟು ಪಾಸಿಗೆ ಹೋಗಿದ್ದವು. ಉಳಿದ ಎಂಬತ್ತಕ್ಕೆ ತಲಾ 200ರಂತೆ 16,000 ರೂಪಾಯಿ ಬಂದಿತ್ತು. ಆ ಒಂದು ಸಂಜೆಯ ಖರ್ಚು 23,600. ಮೂರು ಸಲ ಕೂಡಿದರೂ ಉತ್ತರ ಬದಲಾಗಲಿಲ್ಲ.

ನಾನು ಸಹಕಾರಿ ಬ್ಯಾಂಕೊಂದರಲ್ಲಿ ಲೆಕ್ಕಪತ್ರ ನೋಡುವವಳು. ಸಂಜೆ ಹೊತ್ತು ಬೆಂಗಳೂರಿನ ಒಂದು ಹವ್ಯಾಸಿ ರಂಗತಂಡದ ಖಜಾಂಚಿ. ಸಾಲ ಕೇಳಿ ಬಂದವರಿಗೆ ಹಗಲೆಲ್ಲ ‘ವ್ಯಾಪಾರದ ಲೆಕ್ಕ ತೋರಿಸಿ’ ಎನ್ನುವ ನಾನು ನಮ್ಮ ನಾಟಕದ ಲೆಕ್ಕವನ್ನು ಮೊದಲೇ ಪೂರ್ತಿ ಬರೆದು ನೋಡಿರಲಿಲ್ಲ. ಹೊಸ ನಾಟಕಕ್ಕೆ ಕೈಹಾಕುವ ಬೇರೆ ತಂಡಗಳಿಗೆ ಉಪಯೋಗವಾಗಲಿ ಎಂದು ಆ ಲೆಕ್ಕವನ್ನು ಇಲ್ಲಿ ಇಡುತ್ತಿದ್ದೇನೆ.

ನಾಟಕ ಒಂದು ವಠಾರದ್ದು. ಒಂದೇ ನಲ್ಲಿ, ಹನ್ನೊಂದು ಜನ. ನಾಯಕನಿಲ್ಲ, ನಾಯಕಿಯಿಲ್ಲ. ಹನ್ನೊಂದು ಜನವೂ ಎಪ್ಪತ್ತೈದು ನಿಮಿಷ ರಂಗದ ಮೇಲೆಯೇ ಇರುತ್ತಾರೆ. ಒಬ್ಬರು ಮಾತಾಡುವಾಗ ಉಳಿದ ಹತ್ತು ಜನ ಗೋಡೆಯಾಗುತ್ತಾರೆ, ಸರದಿ ಸಾಲಾಗುತ್ತಾರೆ, ನೀರಾಗುತ್ತಾರೆ. ಬರೆದು ತಂದ ನಾಟಕವೂ ಅಲ್ಲ ಅದು. ತಾಲೀಮಿನಲ್ಲಿ ನಟರು ತಂದ ಮಾತುಗಳನ್ನು ನಿರ್ದೇಶಕರು ಹೆಣೆಯುತ್ತಾ ಹೋದರು. ಹಾಗಾಗಿ ಕೃತಿ ತಂಡದ್ದು, ಮುಂದೆ ಬೇರೆಯವರು ಆಡಿದರೆ ಬರುವ ಸಂಭಾವನೆ ಹದಿನಾರು ಪಾಲು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿದೆವು. ಈ ಒಂದು ಕೆಲಸವನ್ನು ಮೊದಲೇ ಸರಿಯಾಗಿ ಮಾಡಿದ್ದೆವು.

ಹದಿನಾರು ಎಂದರೆ ಹನ್ನೊಂದು ನಟರು, ನಿರ್ದೇಶಕರು, ಮೇಳದ ಇಬ್ಬರು, ಬೆಳಕಿನವರು, ನೇಪಥ್ಯಕ್ಕೆ ನಾನು. ತಾಲೀಮು ನಲವತ್ತೈದು ಸಂಜೆ ನಡೆಯಿತು. ಹಾಲ್ ಬಾಡಿಗೆ ದಿನಕ್ಕೆ 500ರಂತೆ 22,500. ಚಹಾ, ಬನ್ನು, ಚುರುಮುರಿಗೆ ತಲೆಗೆ 40ರಂತೆ 28,800. ಓಡಾಟಕ್ಕೆ 38,000. ಜೂನ್ 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ತಾಲೀಮಿಗೆ ಬರುವಾಗ ಬಸ್ಸಿಗೆ ಕಾಸು ಕೊಡಬೇಕಾಗಿರಲಿಲ್ಲ. ಆದರೆ ರಾತ್ರಿ ಒಂಬತ್ತೂವರೆಗೆ ತಾಲೀಮು ಮುಗಿದ ಮೇಲೆ ಅವರನ್ನು ಬಸ್ ಸ್ಟಾಪಿನಲ್ಲಿ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಆಟೊ ಮಾಡಿ ಕಳಿಸಿದೆವು. ಓಡಾಟದ ಬಾಬತ್ತಿನ ದೊಡ್ಡ ಪಾಲು ಅದೇ.

ಕಣ್ಣಿಗೆ ಕಾಣುವ ಖರ್ಚು ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ಬಿಂದಿಗೆಗಳೆಲ್ಲ ನಮ್ಮ ನಮ್ಮ ಮನೆಯವು. ಸೆಟ್ಟಿಗೆ 18,000 ಆಯಿತು, ನಿಜವಾಗಿ ನೀರು ಬರುವ ನಲ್ಲಿಯೂ ಅದರಲ್ಲೇ ಸೇರಿತು. ಬಟ್ಟೆ, ಪ್ರಸಾಧನಕ್ಕೆ 24,000. ನಿರ್ದೇಶಕರು, ಬೆಳಕು, ಸಂಗೀತದ ಗೌರವಧನ ಸೇರಿ 45,000. ಪೋಸ್ಟರ್ ವಗೈರೆಗೆ 6,700. ಪರದೆ ಏಳುವ ಮುಂಚೆಯೇ ಕೈಬಿಟ್ಟದ್ದು ಒಟ್ಟು 1,83,000 ರೂಪಾಯಿ. ಅದರಲ್ಲಿ ಸುಮಾರು ಅರ್ಧ, ಅಂದರೆ 89,300, ಹದಿನಾರು ಜನ ಒಂದೆಡೆ ಸೇರಿ ಕಲಿಯುವುದಕ್ಕೇ ಹೋಗಿತ್ತು. ಪ್ರೇಕ್ಷಕರಿಗೆ ಅದರ ಒಂದು ಪೈಸೆಯೂ ಕಾಣಿಸುವುದಿಲ್ಲ. ಆದರೆ ನಾಟಕ ನಿಲ್ಲುವುದು ಅದರ ಮೇಲೆಯೇ.

ಮಂಡ್ಯ ಕಡೆಯ ನಮ್ಮೂರಿನಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ಲೆಕ್ಕ ಬೇರೆಯೇ ಇತ್ತು. ಅಲ್ಲಿ ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಆ ಹಣದಲ್ಲೇ ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಪೇಟೆಯಿಂದ ಕರೆಸುವ ಸ್ತ್ರೀಪಾತ್ರದ ಕಲಾವಿದೆಯರ ಸಂಭಾವನೆ. ನಮ್ಮಪ್ಪ ಭೀಮನ ಪಾತ್ರಕ್ಕೆಂದು ಒಂದು ವರ್ಷ ಎರಡು ಕುರಿ ಮಾರಿದ್ದರು. ಅಮ್ಮ ಅದನ್ನು ಬಹಳ ಕಾಲ ಮರೆಯಲಿಲ್ಲ. ಆದರೂ ಆ ಏರ್ಪಾಟಿನಲ್ಲಿ ಒಂದು ಸ್ಪಷ್ಟತೆ ಇತ್ತು: ಯಾರು ಎಷ್ಟು ಕೊಟ್ಟರು ಎಂಬುದು ಊರಿಗೇ ಗೊತ್ತು. ಇನ್ನೊಂದು ಬದಿಗೆ, ಗುಬ್ಬಿ ವೀರಣ್ಣನವರಂಥ ಕಂಪನಿ ಮಾಲೀಕರು ನಟರಿಗೆ ಸಂಬಳ ಕೊಟ್ಟು ಸಾಕುತ್ತಿದ್ದರು. ನಗರದ ಹವ್ಯಾಸಿ ತಂಡಗಳಲ್ಲಿ ನಾವು ಇವೆರಡೂ ಅಲ್ಲದ ಜಾಗದಲ್ಲಿದ್ದೇವೆ. ಪಾತ್ರಕ್ಕೆ ಹಣ ಕೇಳುವುದಿಲ್ಲ, ಸಂಬಳವನ್ನೂ ಕೊಡುವುದಿಲ್ಲ. ಹಾಗಾಗಿ ನಟ ಏನು ಕೊಡುತ್ತಿದ್ದಾನೆ ಎಂಬುದು ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಇದು ನನಗೆ ಅರ್ಥವಾದದ್ದು ಮೂರನೇ ಪ್ರದರ್ಶನದ ನಂತರ. ಎರಡನೆಯದೂ ತುಂಬಿತ್ತು, ಮತ್ತೆ 7,600 ಹೋಗಿತ್ತು. ಮೂರನೆಯ ದಿನ ಮಳೆ. 45 ಟಿಕೆಟ್ ಮಾತ್ರ ಹೋದವು, 14,600 ಕೈಬಿಟ್ಟಿತು. ಮೂರು ದಿನಕ್ಕೆ ಸೇರಿ 29,800. ಅದರ ಮರುವಾರ ನಮ್ಮ ನಟರಲ್ಲೊಬ್ಬ ಇನ್ನು ಬರಲಾರೆ ಎಂದ. ಊಟ ತಲುಪಿಸುವ ಕೆಲಸ ಅವನದು. ನಟರಿಗೆಲ್ಲ ಪ್ರದರ್ಶನಕ್ಕೆ 500 ರೂಪಾಯಿ ಕೊಡುತ್ತಿದ್ದೆವು, ಅಷ್ಟರಲ್ಲಿ ನ್ಯಾಯವಾಗಿ ನಡೆದುಕೊಂಡೆವೆಂದು ನಾನು ನಂಬಿದ್ದೆ. ‘ಅಕ್ಕಾ, ಸಂಜೆ ಹೊತ್ತಲ್ಲೇ ಆರ್ಡರ್ ಜಾಸ್ತಿ ಬರೋದು. ತಾಲೀಮಿಗೆ ಬಂದ ದಿನ ಏನಿಲ್ಲಾಂದ್ರೂ ಮುನ್ನೂರೈವತ್ತು ಹೋಗುತ್ತೆ. ಬೈಕಿನ ಕಂತು ಎರಡು ತಿಂಗಳಿಂದ ಕಟ್ಟಿಲ್ಲ’ ಎಂದ. ನಲವತ್ತೈದು ಸಂಜೆಯೂ ಅವನು ಇದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಾಯಕ ಪ್ರಧಾನ ನಾಟಕವಾಗಿದ್ದರೆ ಸಣ್ಣ ಪಾತ್ರವೊಂದನ್ನು ಎರಡು ದಿನದಲ್ಲಿ ತುಂಬಿಸಬಹುದಿತ್ತು. ನಮ್ಮದರಲ್ಲಿ ಒಬ್ಬ ಹೋದರೆ ಉಳಿದ ಹತ್ತು ಜನರ ಹೆಜ್ಜೆಯೂ ತಪ್ಪುತ್ತದೆ. ಅವನು ಎತ್ತುತ್ತಿದ್ದವಳನ್ನು ಈಗ ಯಾರು ಎತ್ತಬೇಕು, ಅವನ ಉಸಿರಿಗೆ ಹಾಡು ಶುರು ಮಾಡುತ್ತಿದ್ದವಳು ಯಾರನ್ನು ನೋಡಬೇಕು? ಹೊಸ ಹುಡುಗನನ್ನು ಸೇರಿಸಿಕೊಂಡು ಇಡೀ ತಂಡ ಎಂಟು ಸಂಜೆ ಮತ್ತೆ ಕೂತಿತು. ಸಂಜೆಗೆ ಸುಮಾರು 2,000ದಂತೆ 16,000 ರೂಪಾಯಿ. ಅವನು ಕಳೆದುಕೊಂಡದ್ದು 350ರಂತೆ ನಲವತ್ತೈದು ದಿನಕ್ಕೆ 15,750. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೇಗಿದ್ದರೂ ಹೋಗಬೇಕಾಗಿದ್ದ ಹಣ ಅವನಿಗೇ ಹೋಗಿದ್ದರೆ ಅವನು ನಮ್ಮ ಜೊತೆ ಇರುತ್ತಿದ್ದ.

ಎಲ್ಲರಿಗೂ ಸಮನಾಗಿ ಕೊಡಬೇಕಲ್ಲವೇ ಎಂಬ ಪ್ರಶ್ನೆ ತಂಡದಲ್ಲಿ ಎದ್ದಿತು. ನಾನು ಒಪ್ಪಲಿಲ್ಲ. ಸಾಫ್ಟ್‌ವೇರ್ ಕಂಪನಿಯಿಂದ ತಾಲೀಮಿಗೆ ಬರುವವನ ಸಂಜೆಯಿಂದ ಅವನ ಸಂಬಳ ಕಡಿಮೆಯಾಗುವುದಿಲ್ಲ. ಪ್ರದರ್ಶನದ ಗೌರವಧನ ಎಲ್ಲರಿಗೂ ಒಂದೇ ಇರಲಿ. ಆದರೆ ತಾಲೀಮಿನಿಂದ ದುಡಿಮೆ ಕಳೆದುಕೊಳ್ಳುವವರಿಗೆ ಆ ನಷ್ಟ ತುಂಬಿಕೊಡುವುದು ಬೇರೆ ಬಾಬತ್ತು, ಅದನ್ನು ಗೌರವಧನದ ಜೊತೆ ಬೆರೆಸಬಾರದು. ಮೂರು ಸಭೆ ಬೇಕಾಯಿತು, ಕೊನೆಗೆ ಎಲ್ಲರೂ ಒಪ್ಪಿದರು.

ಇನ್ನು ವರಮಾನದ ಮಾತು. ಮೊದಲು ಟಿಕೆಟ್ಟನ್ನು 300 ಮಾಡಿದೆವು. ನಾಟಕದ ಟಿಕೆಟ್ 500 ರೂಪಾಯಿ ದಾಟದಿದ್ದರೆ ಜಿಎಸ್‌ಟಿ ಇಲ್ಲ. ಸೀಟುಗಳನ್ನು ಫೋನಿನಲ್ಲಿ ಕಾಯ್ದಿರಿಸಿ, ಬಾಗಿಲಲ್ಲಿ ಕ್ಯೂಆರ್ ಕೋಡ್ ಇಟ್ಟು ಹಣ ಪಡೆದೆವು, ಯಾರಿಗೂ ಕಮಿಷನ್ ಹೋಗಲಿಲ್ಲ. ಪಾಸುಗಳನ್ನು ನಿಲ್ಲಿಸಿ ಆ ಹತ್ತು ಸೀಟುಗಳನ್ನು ಕೊಳ್ಳಲಾಗದ ವಿದ್ಯಾರ್ಥಿಗಳಿಗೆ ಇಟ್ಟೆವು. ನಮ್ಮ ಮನೆಯವರು ಟಿಕೆಟ್ ಕೊಂಡೇ ಬಂದರು. ಹಾಗೆ ಮಾಡಿದರೂ ಪೂರ್ತಿ ತುಂಬಿದ ಒಂದು ಪ್ರದರ್ಶನದಲ್ಲಿ ಉಳಿಯುವುದು 400 ರೂಪಾಯಿ. ತೊಂಬತ್ತು ಕುರ್ಚಿಯ ರಂಗಮಂದಿರದ ಮಿತಿಯೇ ಅದು. ಮುನ್ನೂರಕ್ಕೂ ಹೆಚ್ಚು ಜನ ಕೂರುವ ರಂಗಶಂಕರದಂಥ ಕಡೆ ಲೆಕ್ಕ ಬೇರೆ. ಆದರೆ ನೀರಿನ ಸದ್ದು ಕೊನೆಯ ಸಾಲಿಗೂ ಕೇಳಬೇಕಾದ ನಮ್ಮ ನಾಟಕಕ್ಕೆ ಸಣ್ಣ ಜಾಗವೇ ಬೇಕಿತ್ತು.

ದಾರಿ ಸಿಕ್ಕಿದ್ದು ಭಾನುವಾರ ಮಧ್ಯಾಹ್ನ ಮೂರೂವರೆಗೆ ಇನ್ನೊಂದು ಪ್ರದರ್ಶನ ಸೇರಿಸಿದಾಗ. ಬೆಳಕಿನ ಬಾಡಿಗೆ, ಟೆಂಪೊ ಖರ್ಚು ಆಗಲೇ ಆಗಿರುತ್ತದೆ. ಹಾಲ್‌ಗೆ 3,500 ಹೆಚ್ಚಿಗೆ, ನಟರಿಗೆ, ಮೇಳಕ್ಕೆ, ಊಟಕ್ಕೆ ಸೇರಿ ಎರಡನೆಯ ಆಟದ ಖರ್ಚು 12,600, ಬರುವುದು 24,000. ಅಂಥ ನಾಲ್ಕು ಭಾನುವಾರಗಳು ತುಂಬಿದವು, 47,200 ಉಳಿಯಿತು. ನಟರು ಮಾತ್ರ ಬಹಳ ದಣಿದರು. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಹಾಗೆ ಮಾಡಬಾರದು ಎಂದು ಅನುಭವದಿಂದ ಹೇಳುತ್ತೇನೆ.

ಕೈಹಿಡಿದದ್ದು ಊರುಗಳು. 1985ರಲ್ಲಿ ನೀನಾಸಂ ತಿರುಗಾಟ ಶುರುವಾದಾಗಿನಿಂದ ಕರ್ನಾಟಕದ ಎಷ್ಟೋ ಸಣ್ಣ ಊರುಗಳಲ್ಲಿ ನಾಟಕ ಕರೆಸುವ, ನಟರಿಗೆ ಊಟ ವಸತಿ ನೋಡಿಕೊಳ್ಳುವ, ಜನ ಸೇರಿಸುವ ಸಂಘಟಕರು ಬೆಳೆದಿದ್ದಾರೆ. ಆ ಅಭ್ಯಾಸದ ಫಲ ನಮ್ಮಂಥ ತಂಡಗಳಿಗೂ ಸಿಗುತ್ತದೆ. ಐದು ಊರಿನವರು ಕರೆದರು. ಹೋಗಿಬರುವುದು, ಉಳಿಯುವುದು ಅವರ ಜವಾಬ್ದಾರಿ, ನಮಗೆ 40,000. ನಟರ ಗೌರವಧನ ಇಮ್ಮಡಿ ಮಾಡಿಯೂ ಪ್ರತಿ ಊರಿನಲ್ಲಿ 22,000 ಉಳಿಯಿತು. ಹೊಸ ನಾಟಕ ಕಟ್ಟುವವರು ಮೊದಲ ಪ್ರದರ್ಶನದ ದಿನಾಂಕಕ್ಕಿಂತ ಮೊದಲು ಇಂಥ ನಾಲ್ಕು ಊರುಗಳ ಜೊತೆ ಮಾತಾಡಬೇಕು. ಸೆಟ್ ಒಂದು ಬಸ್ಸಿನ ತಲೆಯ ಮೇಲೆ ಹಿಡಿಯುವಷ್ಟಿರಬೇಕು.

ದೇಣಿಗೆಯನ್ನು ನೆಚ್ಚಿ ಕೂರುವುದು ಈಗ ಕಷ್ಟ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ದೇಣಿಗೆಯ ಮೇಲಿನ ಕಡಿತವೂ ಸಿಗುವುದಿಲ್ಲ. ಪ್ರೀತಿಯಿಂದ ಕೊಟ್ಟ ಸ್ನೇಹಿತರಿಂದ 40,000 ಬಂತು. ಉಳಿದದ್ದೆಲ್ಲ ಕೈಗಡ, ಅದರಲ್ಲಿ ನನ್ನದು 60,000. ಅದಕ್ಕಾಗಿ ಆರ್.ಡಿ. ಮುರಿಸಿದ್ದೆ. ತುರ್ತು ಖರ್ಚಿನ ಹಣವನ್ನು ಮುಟ್ಟಲಿಲ್ಲ, ಯಾರೂ ಮುಟ್ಟಬಾರದು. ಬೇರೆಯವರ ಸಾಲವೆಲ್ಲ ತೀರಿದೆ. ನನಗೆ 28,400 ವಾಪಸಾಗಿದೆ, 31,600 ಬರಬೇಕು. ಬರಲು ಇನ್ನೊಂದು ವರ್ಷವಾದರೂ ನನಗೆ ಬೇಸರವಿಲ್ಲ.

ಕಳೆದ ತಿಂಗಳು ಮುಂದಿನ ನಾಟಕದ ಮೊದಲ ಸಭೆ ಸೇರಿತು. ನಿರ್ದೇಶಕರು ಈ ಸಲ ಹದಿನಾಲ್ಕು ನಟರು ಬೇಕೆಂದರು. ಕಥೆ ಕೇಳುವ ಮೊದಲು ನಾನು ಒಂದು ಹಾಳೆಯಲ್ಲಿ ಹದಿನಾಲ್ಕು ಗೆರೆ ಎಳೆದು, ಹೆಸರಿನ ಪಕ್ಕದಲ್ಲಿ ಇನ್ನೊಂದು ಕಾಲಂ ಇಟ್ಟೆ: ಸಂಜೆಗೆ ಎಷ್ಟು ದುಡಿಮೆ ಹೋಗುತ್ತದೆ? ಹಾಳೆ ಕೈಯಿಂದ ಕೈಗೆ ಹೋಯಿತು. ಹೆಚ್ಚಿನವರು ಸೊನ್ನೆ ಬರೆದರು. ಬಿಟ್ಟುಹೋಗಿದ್ದ ಹುಡುಗ ಆ ದಿನ ಬಂದು ಬಾಗಿಲ ಹತ್ತಿರ ಕೂತಿದ್ದ. ಹಾಳೆ ಅವನ ಕೈಗೆ ಬಂದಾಗ ಹೆಸರು ಬರೆದು, ಪಕ್ಕದ ಕಾಲಂ ಖಾಲಿ ಬಿಟ್ಟು ನನಗೆ ಕೊಟ್ಟ. 350 ಎಂದು ನಾನೇ ತುಂಬಿದೆ.