ನೀರಿಗೆ ಹೋಗುವ ಎತ್ತು, ಕಪಾಟಿಗೆ ಹೋಗುವ ಎತ್ತು

ತಮ್ಮಾ, ಮಣ್ಣೆತ್ತುಗಳನ್ನು ಸುಟ್ಟು, ಬಣ್ಣ ಹಚ್ಚಿ, ಚೆಂದದ ಡಬ್ಬಿಯಲ್ಲಿಟ್ಟು, ಮೇಲೊಂದು ನಂಬರು ಹಾಕಿ ಬೆಂಗಳೂರು, ಪುಣೆಗೆ ಕಳಿಸಬೇಕಂತ ಹೊರಟಿದ್ದೀಯಂತೆ. ನಿಮ್ಮವ್ವ ಬಂದು “ನೀವಾದ್ರೂ ನಾಕು ಮಾತು ಹೇಳ್ರಿ ಅಣ್ಣಾರ” ಅಂದಳು. ಬೇಡ ಅನ್ನುವವನು ನಾನಲ್ಲ. ಮಾಡು. ತಿಗರಿಯ ಕೆಲಸ ನಾನು ನಿನಗೆ ಹೇಳಿಕೊಡುವ ವಿದ್ಯೆಯೂ ಅಲ್ಲ. ಆದರೆ ಬರೀ ಮಣ್ಣಿನ ಸಾಮಾನು, ಗೊಂಬೆಗಳಿಂದಲೇ ಬಾಳಿದ ಊರುಗಳ ಕಥೆ ಒಂದಿಷ್ಟು ಓದಿಕೊಂಡಿದ್ದೇನೆ. ಆವಿಗೆಗೆ ಬೆಂಕಿ ಇಡುವ ಮೊದಲು ಕೇಳಿಸಿಕೊ.

ಮೊದಲು ನಿನ್ನ ಮನೆಯ ವ್ಯಾಪಾರವನ್ನೇ ನೋಡು. ಕಾರ ಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಎತ್ತು. ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ. ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಅವನ ಬೆನ್ನಿಗೇ ಜೋಕುಮಾರ. ಐದೂ ಮಣ್ಣಿನವು, ಐದೂ ಸುಡದ ಹಸಿಮಣ್ಣಿನವು. ಪೂಜೆಯಾಯಿತು, ನೀರಿಗೆ ಬಿಟ್ಟರು, ಕರಗಿತು, ಮರುವರ್ಷ ಮತ್ತೆ ನಿಮ್ಮ ಮನೆಯ ಬಾಗಿಲಿಗೇ ಬಂದರು. ನಿಮ್ಮ ಹಿರಿಯರು ಗಿರಾಕಿಯನ್ನು ಪಂಚಾಂಗದಲ್ಲೇ ಬರೆದಿಟ್ಟು ಹೋಗಿದ್ದಾರೆ. ಇಂಥ ವ್ಯಾಪಾರ ಯಾವ ಕಂಪನಿಗಿದೆ ಹೇಳು?

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಸ್ಟೋಕ್-ಆನ್-ಟ್ರೆಂಟ್ ಅಂತ ಕುಂಬಾರರ ಪಟ್ಟಣವಿದೆ. ಜೇಡಿಮಣ್ಣು, ಕಲ್ಲಿದ್ದಲು ಎರಡೂ ಅಕ್ಕಪಕ್ಕ ಸಿಕ್ಕಿದ್ದರಿಂದ ಬೆಳೆದ ಊರು. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಅಲ್ಲಿನ ಸಣ್ಣ ಸಣ್ಣ ಕುಂಬಾರಿಕೆಗಳು ಬಡವರ ಮನೆಗಾಗಿ ಗೊಂಬೆ ಮಾಡುತ್ತಿದ್ದವು. ಬೆಂಕಿಗೂಡಿನ ಮೇಲಿನ ಹಲಗೆಯ ಮೇಲೆ, ಗೋಡೆಗೆ ತಾಗಿಸಿ ಇಡುವ ಗೊಂಬೆ. ಹಿಂಭಾಗ ಯಾರಿಗೂ ಕಾಣುವುದಿಲ್ಲವೆಂದು ಬೆನ್ನನ್ನು ಚಪ್ಪಟೆಯಾಗಿ ಬಿಟ್ಟು, ಅದಕ್ಕೆ ಬಣ್ಣವನ್ನೂ ಉಳಿಸುತ್ತಿದ್ದರು. ಜಿಪುಣತನ ಅನ್ನಬೇಡ, ಅದು ಲೆಕ್ಕ. ನಿನ್ನ ಎತ್ತು ಎಲ್ಲಿ ಕೂರುತ್ತದೆ, ಯಾವ ಮಗ್ಗುಲು ಕಾಣುತ್ತದೆ ಅನ್ನುವುದನ್ನು ನೀನೂ ಮೊದಲೇ ಯೋಚಿಸಬೇಕು.

ಅದಕ್ಕೂ ಮೊದಲೇ ಅಲ್ಲಿ ಮಾಡಿದ್ದರಲ್ಲಿ ನಮ್ಮ ಸೀಮೆಗೆ ನಂಟಿರುವುದೊಂದಿದೆ. 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಮನ್ರೋ ಎಂಬ ಸೇನಾಧಿಕಾರಿಯ ಮಗನನ್ನು ಹುಲಿ ಹೊತ್ತೊಯ್ದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಸಿಪಾಯಿಯ ಮೇಲೆ ಎರಗಿದ ಟಿಪ್ಪುವಿನ ಮರದ ಹುಲಿ ಲಂಡನ್ನಿಗೆ ಹೋಗಿ ಜನ ಮುಗಿಬಿದ್ದು ನೋಡಿದರು. ಎರಡೂ ಕೂಡಿ ಜನರ ಬಾಯಿಮಾತಾದಾಗ ಸ್ಟಾಫರ್ಡ್‌ಶೈರ್‌ನ ಕುಂಬಾರರು ಸುಮ್ಮನೆ ಕೂರಲಿಲ್ಲ. ಸಾಯೇಬನ ತಲೆಗೆ ಬಾಯಿ ಹಾಕಿದ ಹುಲಿಯನ್ನು ಮಣ್ಣಲ್ಲಿ ಮಾಡಿ, ‘ಮನ್ರೋನ ಸಾವು’ ಅಂತ ಹೆಸರು ಬರೆದು ಮಾರಿದರು. ಊರಿಗೆಲ್ಲ ಗೊತ್ತಿರುವ ಕಥೆ ಗೊಂಬೆಯ ಜೊತೆ ಹೋದರೆ ಗೊಂಬೆ ಮಾರಾಟವಾಗುತ್ತದೆ. ನಿನ್ನ ಡಬ್ಬಿಯಲ್ಲೂ ಎತ್ತುಗಳ ಜೊತೆ ಗ್ವಾದಲಿ ಇರಲಿ, ಮರುದಿನ ಹುಡುಗರು ಮನೆ ಮನೆ ತಿರುಗಿ ಜೋಳ ಎತ್ತುವ ಆ ಕುಂಟೆತ್ತೂ ಇರಲಿ. ನಗರದಲ್ಲಿ ಬೆಳೆದ ನಮ್ಮ ಮೊಮ್ಮಕ್ಕಳಿಗೆ ಬೇಕಾಗಿರುವುದು ಅದೇ.

ನಂಬರಿನ ವಿಷಯಕ್ಕೆ ಬರುತ್ತೇನೆ. 1913ರಲ್ಲಿ ಮೇರಿ ರಾಣಿ ಅದೇ ಸ್ಟೋಕ್‌ನ ಡೌಲ್ಟನ್ ಪಿಂಗಾಣಿ ಕಾರ್ಖಾನೆಗೆ ಹೋದಾಗ ಒಂದು ಮಗುವಿನ ಗೊಂಬೆಯನ್ನು ಮೆಚ್ಚಿಕೊಂಡಳು. ‘ಡಾರ್ಲಿಂಗ್’ ಎಂಬ ಹೆಸರು ಪಡೆದ ಆ ಗೊಂಬೆಯೇ ಎಚ್ಎನ್ 1. ಅಲ್ಲಿಂದ ಸಾವಿರಾರು ನಂಬರುಗಳು ಹೊರಟವು. ಎಚ್ಎನ್ ಅಂದರೆ ಹ್ಯಾರಿ ನಿಕ್ಸನ್, ಅಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದವನು. ಒಬ್ಬ ಬಣ್ಣಗಾರನ ಹೆಸರು ಗೊಂಬೆಗಳ ಬುಡದಲ್ಲಿ ಉಳಿದದ್ದು ನನಗೆ ಬಹಳ ಹಿಡಿಸಿತು. ಆಮೇಲೆ ಬಂದದ್ದು ಕೆಟ್ಟ ಕಾಲ. ‘ಇಷ್ಟೇ ಮಾಡಿದ್ದೇವೆ, ಇಟ್ಟುಕೊಳ್ಳಿ, ಮುಂದೆ ಬೆಲೆ ಏರುತ್ತದೆ’ ಅಂತ ಎಷ್ಟೋ ಕಂಪನಿಗಳು ಗೊಂಬೆ, ತಟ್ಟೆಗಳನ್ನು ಬಂಗಾರದ ಹಾಗೆ ಮಾರಿದವು. ಕೊಂಡವರು ಮುದುಕರಾದರು, ಮಕ್ಕಳು ಕಪಾಟು ಖಾಲಿ ಮಾಡಿದರು, ಎಲ್ಲವೂ ಒಟ್ಟಿಗೇ ಸಂತೆಗೆ ಬಂದು ಬೆಲೆ ನೆಲ ಕಚ್ಚಿತು. ಡೌಲ್ಟನ್‌ನ ಬರ್ಸ್‌ಲೆಮ್ ಕಾರ್ಖಾನೆ 2005ರಲ್ಲಿ ಬಾಗಿಲು ಹಾಕಿತು. ಅದೇ ಸೀಮೆಯ ಹಳೆಯ ಕಂಪನಿಗಳಾದ ಸ್ಪೋಡ್ 2008ರಲ್ಲಿ, ವೆಜ್‌ವುಡ್ 2009ರಲ್ಲಿ ದಿವಾಳಿಯ ಅಂಚಿಗೆ ಬಂದವು. ಗೊಂಬೆಯೊಂದೇ ಇದಕ್ಕೆ ಕಾರಣವಲ್ಲ, ಹೊರದೇಶದ ಅಗ್ಗದ ಸಾಮಾನೂ ಇತ್ತು. ಆದರೂ ನೀನು ನಂಬರು ಹಾಕಬೇಡ. ವರ್ಷ ಹಾಕು, ಊರ ಹೆಸರು ಹಾಕು, ಯಾರ ಕೈ ಅನ್ನುವುದನ್ನು ಬರಿ. ಎತ್ತಿನ ಬೆಲೆ ಏರುತ್ತದೆ ಅಂತ ಯಾರಿಗೂ ಹೇಳಬೇಡ.

ಅದೇ ದೇಶದ ಇನ್ನೊಂದು ಚಮತ್ಕಾರ ಕೇಳು. ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಳ್ಳುವ ಟೋಪಿ ಇದೆಯಲ್ಲ, ಅದನ್ನು ಪಿಂಗಾಣಿಯಲ್ಲಿ ಮಾಡಿ, ಹಕ್ಕಿ, ಹೂವು ಬರೆದು ಮಾರುತ್ತಾರೆ. ಅದನ್ನು ಹಾಕಿಕೊಂಡು ಯಾರೂ ಕೌದಿ ಹೊಲಿಯುವುದಿಲ್ಲ. ಸಾಲಾಗಿ ಜೋಡಿಸಿಡುತ್ತಾರೆ ಅಷ್ಟೇ. ನಗಬೇಡ. ಬೆರಳ ತುದಿಯಷ್ಟರ ಸಾಮಾನು ಒಲೆಯಲ್ಲಿ ಜಾಗ ಕೇಳುವುದಿಲ್ಲ, ಅಂಚೆಗೆ ಭಾರವಾಗುವುದಿಲ್ಲ, ಪ್ರವಾಸಿಯ ಕಿಸೆಗೂ ಭಾರವಲ್ಲ. ನಿನ್ನ ಗಡಿಗೆಗಳ ನಡುವೆ ಎಷ್ಟು ಸಂದು ಖಾಲಿ ಬೆಂದುಹೋಗುತ್ತದೆ! ಹೆಬ್ಬೆರಳಿನಷ್ಟರ ಎತ್ತುಗಳನ್ನು ಅಲ್ಲಿ ತುಂಬು.

ಸುಡುವ ಎತ್ತು ಗಟ್ಟಿ ಮುದ್ದೆಯಾಗಿದ್ದರೆ ಒಳಗಿನ ಹಸಿ ಆವಿಯಾಗಿ ಸಿಡಿಯುತ್ತದೆ, ನಿನಗೆ ಗೊತ್ತೇ ಇದೆ. ದೊಡ್ಡದಾದರೆ ಹೊಟ್ಟೆ ಟೊಳ್ಳು ಮಾಡಿ ಅಡಿಗೊಂದು ತೂತು ಬಿಡು. ಕೊಂಬು ತೆಳ್ಳಗಿರುವುದರಿಂದ ಮೈಗಿಂತ ಮೊದಲು ಒಣಗಿ ಬುಡದಲ್ಲಿ ಬಿರಿಯುತ್ತದೆ. ಜ್ಯೇಷ್ಠದ ಗಾಳಿಗಂತೂ ಕೇಳುವುದೇ ಬೇಡ. ಕೊಂಬಿಗೆ, ಬಾಲಕ್ಕೆ ಹಸಿ ಅರಿವೆ ಸುತ್ತಿ ಇಣಿ ಒಣಗುವವರೆಗೆ ಕಾಯಿ. ಬೋನ್ ಚೈನಾ ಮಾಡುತ್ತೇನೆ ಅಂತ ಮಾತ್ರ ಓಡಬೇಡ. ಅದಕ್ಕೆ 1,200 ಡಿಗ್ರಿ ದಾಟಿದ ಉರಿ ಬೇಕು. ಅದರಲ್ಲಿ ಸುಮಾರು ಅರ್ಧದಷ್ಟು ದನದ ಎಲುಬಿನ ಬೂದಿ. ಎತ್ತಿನ ಎಲುಬು ಸುಟ್ಟು ಎತ್ತು ಮಾಡಿ, ಅದಕ್ಕೆ ಹೋಳಿಗೆ ಎಡೆ ಹಿಡಿಸುತ್ತೀಯಾ?

ಪ್ಲಾಸ್ಟರ್ ಆಫ್ ಪ್ಯಾರಿಸ್ ಬಗ್ಗೆ ಒಂದು ಮಾತು. ಇಂಗ್ಲೆಂಡಿನ ಕುಂಬಾರನಿಗೂ ಅದು ಬೇಕು, ಆದರೆ ಅಚ್ಚಿಗೆ. ಅಚ್ಚಿನೊಳಗೆ ಮಣ್ಣಿನ ಗಂಜಿ ಸುರಿದರೆ ಪ್ಲಾಸ್ಟರ್ ನೀರು ಹೀರುತ್ತದೆ, ಗೋಡೆಗೆ ಮಣ್ಣು ಹತ್ತಿಕೊಳ್ಳುತ್ತದೆ, ಉಳಿದದ್ದನ್ನು ಬಸಿದರೆ ಒಳಗೆ ಟೊಳ್ಳು ಗೊಂಬೆ. ಅಚ್ಚು ಸವೆದು ಮೂಗು ಕಣ್ಣು ಮಸುಕಾದರೆ ಎಸೆಯುತ್ತಾರೆ. ನಮ್ಮಲ್ಲಿ ಅಚ್ಚಾಗಬೇಕಾದದ್ದೇ ಗಣಪ್ಪನಾಗಿ ಕೂತಿತು. ಹೊಳೆಗೆ ಬಿಟ್ಟರೆ ಕರಗುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಅಂಥ ಮೂರ್ತಿಗಳನ್ನು ಬೇಡವೆಂದಿದೆ. ನೀನು ಬೇಕಾದರೆ ಅಚ್ಚು ಮಾಡಿಕೊ, ಮೂರ್ತಿ ಬೇಡ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಎರಡು ಎತ್ತುಗಳನ್ನು ಬೆರೆಸಬೇಡ ಅಂತ. ಪೂಜೆಯ ಎತ್ತು ಹಸಿಮಣ್ಣಿನದೇ ಇರಲಿ, ಬಣ್ಣ ಬೇಡ. ಸುಟ್ಟರೆ ಅದು ಕೃಷ್ಣೆಯಲ್ಲಿ ಕರಗದೆ ದಂಡೆಯಲ್ಲಿ ಬಿದ್ದಿರುತ್ತದೆ, ಜನ ಅದನ್ನೇ ತೊಳೆದು ಮರುವರ್ಷ ಪೂಜೆ ಮಾಡುತ್ತಾರೆ, ಪಂಚಾಂಗದ ಗಿರಾಕಿ ಕೈ ಬಿಟ್ಟ ಹಾಗೆ. ಕಪಾಟಿನ ಎತ್ತಿಗೆ ಬೇರೆ ಮಣ್ಣು, ಬೇರೆ ಬೆಲೆ. ಆಯ ಕೊಡುವ ಮನೆಗಳಿಗೆ ಪುಣೆಯ ರೇಟು ಹೇಳಬೇಡ. ಜೋಕುಮಾರನನ್ನಂತೂ ಮಾರಾಟದ ಪಟ್ಟಿಗೇ ಸೇರಿಸಬೇಡ. ಬೇವಿನ ಸೊಪ್ಪಿನ ಬುಟ್ಟಿಯಲ್ಲಿ, ತುಟಿಗೆ ಬೆಣ್ಣೆ ಮೆತ್ತಿಕೊಂಡು ಓಣಿ ತಿರುಗುವವನು ಅವನು, ಕಾಜಿನ ಕಪಾಟಿನಲ್ಲಿ ಕೂರುವವನಲ್ಲ.

ದುಡ್ಡಿನ ಚಿಂತೆಯೇ? 2023ರಲ್ಲಿ ಶುರುವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರರೂ ಇದ್ದಾರೆ, ಗೊಂಬೆ ಮಾಡುವವರೂ ಬೇರೆಯಾಗಿ ಇದ್ದಾರೆ. ಸಲಕರಣೆಗೆ 15,000 ರೂಪಾಯಿವರೆಗೆ, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ, ಬಡ್ಡಿ ಶೇ. 5. ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವಿದೆ, ಹೋಗಿ ನೋಡಿ ಬಾ. ಅರ್ಜಿ ಹಾಕಿ ಬಾಯಿ ಬಿಟ್ಟುಕೊಂಡು ಕೂರಬೇಡ ಮತ್ತೆ. ಸರ್ಕಾರ ಬರಲಿ ಅಂತ ಕಾಯ್ದಿದ್ದರೆ 1989ರಲ್ಲಿ ಕೃಷ್ಣೆಗೆ ನಮ್ಮೂರ ಬ್ಯಾರೇಜು ಏಳುತ್ತಿರಲಿಲ್ಲ. ರೈತ ಮುಖಂಡ ಸಿದ್ದು ನ್ಯಾಮಗೌಡರ ಮಾತಿಗೆ ರೈತರು ತಾವೇ ದುಡ್ಡು ಕೂಡಿಸಿ, ತಾವೇ ಮಣ್ಣು ಕಲ್ಲು ಹೊತ್ತು ಕಟ್ಟಿದ್ದು.

ಈ ಅಮಾವಾಸ್ಯೆಗೆ ನಮ್ಮ ಮನೆಗೆ ಎಂದಿನಂತೆ ಹಸಿ ಜೋಡಿ ಕಳಿಸು, ಜೋಳ ಅಳೆದು ಇಟ್ಟಿರುತ್ತೇನೆ. ಪುಣೆಯ ಮೊಮ್ಮಗಳಿಗೊಂದು ಸುಟ್ಟ ಜೋಡಿ ಬೇಕು. ಅದರ ಬೆಲೆ ಬೇರೆ ಹೇಳು, ಕಾಕಾ ಅಂತ ಕಡಿಮೆ ಮಾಡಬೇಡ.